ಏರಿಯ ಕೆಳಗಿನ ಮನೆ

ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ, ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ದಿಬ್ಬ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಪೋರೂರಿನಲ್ಲಿ ಮನೆ ತೋರಿಸುವ ದಲ್ಲಾಳಿ ‘ಏರಿ ಪಕ್ಕಂ ಸಾರ್’ ಎಂದಾಗ ಕನ್ನಡದ ಕಿವಿಗೆ ಎತ್ತರದ, ನೀರು ನಿಲ್ಲದ ಜಾಗವೊಂದು ಕಾಣಿಸುತ್ತದೆ. ಆತ ಹೇಳುತ್ತಿರುವುದು ತಗ್ಗಿನ ಮಾತು. ಕೆಲಸಕ್ಕೆಂದು ಚೆನ್ನೈಗೆ ಬಂದು ಇಲ್ಲೇ ಬೇರು ಬಿಡುವ ನಮ್ಮಂಥವರು ಮೊದಲು ಕಲಿಯಬೇಕಾದ ತಮಿಳು ಪದ ಇದೇ ಇರಬೇಕು.

ಬೆಂಗಳೂರಿನಿಂದ ರಸ್ತೆಯಲ್ಲಿ ಬರುವವರಿಗೆ ಶ್ರೀಪೆರುಂಬುದೂರು, ಪೂನಮಲ್ಲಿ ಕಳೆದ ಮೇಲೆ ಪೋರೂರು ಸಿಗುತ್ತದೆ. ಆರ್ಕಾಟ್ ರಸ್ತೆ, ಮೌಂಟ್–ಪೂನಮಲ್ಲಿ ರಸ್ತೆ, ಕುಂಡ್ರತ್ತೂರು ರಸ್ತೆ ಮೂರೂ ಬಂದು ಡಿಕ್ಕಿ ಹೊಡೆದುಕೊಳ್ಳುವ ವೃತ್ತ ಇದು. ಒಂದು ಕಡೆ ಶ್ರೀರಾಮಚಂದ್ರ ಆಸ್ಪತ್ರೆ, ಇನ್ನೊಂದು ಕಡೆ ಗಾಜಿನ ಐಟಿ ಪಾರ್ಕು, ತಲೆಯ ಮೇಲೆ ಮೆಟ್ರೋ ಎರಡನೇ ಹಂತದ ಕಂಬಗಳು. 2011ರವರೆಗೆ ಪಟ್ಟಣ ಪಂಚಾಯಿತಿಯಾಗಿದ್ದ ಊರು ಆಮೇಲೆ ಚೆನ್ನೈ ಪಾಲಿಕೆಯೊಳಗೆ ಸೇರಿತು. ಗದ್ದಲದಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ರಾಮನಾಥೇಶ್ವರನ ಹಳೆಯ ಗುಡಿ. ಲಂಕೆಗೆ ಹೊರಟ ರಾಮ ಇಲ್ಲಿ ನಿಂತು ಶಿವನನ್ನು ಪೂಜಿಸಿದ ಎಂಬುದು ಸ್ಥಳಪುರಾಣ. ಭಕ್ತರು ಇದನ್ನು ಉತ್ತರ ರಾಮೇಶ್ವರ ಎನ್ನುತ್ತಾರೆ. ಊರ ಹೆಸರಿನಲ್ಲೂ ಯುದ್ಧ ಇದೆ. ಹಳೆಗನ್ನಡದ ‘ಪೋರ್’ ನಮ್ಮಲ್ಲಿ ಹೋರು, ಹೋರಾಟ ಎಂದಾಯಿತು. ತಮಿಳಿನಲ್ಲಿ ಪೋರ್ ಪೋರಾಗಿಯೇ ಉಳಿಯಿತು. ಆ ಲೆಕ್ಕದಲ್ಲಿ ಇದನ್ನು ಹೋರೂರು ಎನ್ನಬಹುದು. ಸಂಜೆ ಆರೂವರೆಗೆ ವೃತ್ತ ದಾಟಿದವರು ಯಾರೂ ಈ ವ್ಯುತ್ಪತ್ತಿಯನ್ನು ಪ್ರಶ್ನಿಸುವುದಿಲ್ಲ.

ಇಲ್ಲಿನ ನಿಜವಾದ ಹೋರಾಟ ನೀರಿನದು. ಒಂದೋ ಅದು ಇರುವುದಿಲ್ಲ, ಇಲ್ಲವೇ ಹಜಾರಕ್ಕೇ ಬರುತ್ತದೆ. 2015ರ ಡಿಸೆಂಬರ್ 1ರ ರಾತ್ರಿ ಪಶ್ಚಿಮದ ಚೆಂಬರಂಬಾಕ್ಕಂ ಜಲಾಶಯದಿಂದ ಸೆಕೆಂಡಿಗೆ 29 ಸಾವಿರ ಘನ ಅಡಿಯಷ್ಟು ನೀರು ಬಿಟ್ಟಾಗ ಅಡ್ಯಾರ್ ನದಿ ದಂಡೆ ಮೀರಿತು. ಪೋರೂರು ಕೆರೆಯ ಕೋಡಿಯ ನೀರೂ ಮೌಲಿವಾಕ್ಕಂ, ಮಣಪ್ಪಾಕ್ಕಂ ಕಡೆಯಿಂದ ಅದೇ ಅಡ್ಯಾರಿಗೆ ಸೇರಬೇಕು. ಸೇರುವ ಕಡೆ ನದಿಯೇ ತುಂಬಿದ್ದರೆ ಕೆರೆ ಎಲ್ಲಿಗೆ ಹೋಗಬೇಕು? ಬೀದಿಗಳಿಗೆ ಬಂತು. ನಾಲ್ಕು ವರ್ಷ ಕಳೆಯಲಿಲ್ಲ, 2019ರ ಬೇಸಿಗೆಯಲ್ಲಿ ನಗರದ ಜಲಾಶಯಗಳು ಬಿರುಕು ಬಿಟ್ಟವು. ನಾವು ಬೆಂಗಳೂರಿಗೆ ಹೋಗಿ ಬರುವಾಗ ಚಹಾ ಕುಡಿಯುವ ಜೋಲಾರ್‌ಪೇಟೆ ಜಂಕ್ಷನ್ನಿನಿಂದ ಆ ಜುಲೈನಲ್ಲಿ 50 ವ್ಯಾಗನ್ನುಗಳ ರೈಲು, ಸಲಕ್ಕೆ 25 ಲಕ್ಷ ಲೀಟರ್ ನೀರು ಹೊತ್ತು ಚೆನ್ನೈಗೆ ಬಂತು. ಪೋರೂರಿನ ಹತ್ತಿರದ ಸಿಕ್ಕರಾಯಪುರದಲ್ಲಿ ಜಲ್ಲಿಗಾಗಿ ಅಗೆದು ಬಿಟ್ಟ ಕಲ್ಲುಗಣಿಗಳಿವೆ. ಆ ಗುಂಡಿಗಳಲ್ಲಿ ನಿಂತ ಮಳೆನೀರನ್ನೂ ಶುದ್ಧೀಕರಿಸಿ ಊರಿಗೆ ಕುಡಿಸಿದರು. ಮನೆ ಕಟ್ಟಲು ತೆಗೆದ ಕಲ್ಲಿನ ಜಾಗ ಕೊನೆಗೆ ಮನೆಗೆ ನೀರು ಕೊಟ್ಟಿತು.

ಇನ್ನೊಂದು ಸಂಗತಿ ಕನ್ನಡಿಗರಿಗೆ ಸ್ವಲ್ಪ ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದು. ಕಡಲೂರು ಜಿಲ್ಲೆಯ ವೀರಾಣಂ ಕೆರೆಯಿಂದ ಚೆನ್ನೈಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಕೊಳವೆ ಮಾರ್ಗವಿದೆ, 2004ರಿಂದ. ಆ ನೀರು ಬಂದು ಸೇರುವುದು ಪೋರೂರಿನ ನೀರು ಹಂಚಿಕೆ ಕೇಂದ್ರಕ್ಕೆ. ವೀರಾಣಂಗೆ ನೀರು ಬರುವುದು ಕೊಳ್ಳಿಡಂನಿಂದ, ಕೊಳ್ಳಿಡಂ ಕಾವೇರಿಯ ಕವಲು. ಅಂದರೆ ತಲಕಾವೇರಿಯಲ್ಲಿ ಹುಟ್ಟಿ, ಕನ್ನಂಬಾಡಿಯಲ್ಲಿ ನಿಂತು, ನ್ಯಾಯಾಲಯಗಳನ್ನೆಲ್ಲ ಹಾದು ಬಂದ ನೀರು ನಮ್ಮ ಬೀದಿಯ ಹತ್ತಿರ ಬಂದು ಕೊಳಾಯಿಗಳಿಗೆ ಹಂಚಿಹೋಗುತ್ತದೆ. ಬೆಂಗಳೂರಿನಲ್ಲಿದ್ದಾಗಲೂ ಅದೇ ನದಿ, ಇಲ್ಲೂ ಅದೇ ನದಿ. ಜಗಳದ ಎರಡೂ ದಂಡೆಯಲ್ಲಿ ನಾನೇ ಲೋಟ ಹಿಡಿದು ನಿಂತಿದ್ದೇನೆ.

ವೀರಾಣಂನ ಹಳೆಯ ಕಥೆಯಲ್ಲೂ ನಮ್ಮವರಿದ್ದಾರೆ. ಹತ್ತನೇ ಶತಮಾನದಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ತನ್ನ ಸೈನಿಕರಿಂದ ಈ ಕೆರೆ ತೋಡಿಸಿದ, ತಂದೆ ಪರಾಂತಕನ ಬಿರುದಾದ ವೀರನಾರಾಯಣ ಎಂಬ ಹೆಸರಿಟ್ಟ ಎಂದು ಪ್ರತೀತಿ. ಅದೇ ರಾಜಾದಿತ್ಯ ಮುಂದೆ ತಕ್ಕೋಲದ ಯುದ್ಧದಲ್ಲಿ ಸತ್ತ. ಕೊಂದವನು ಗಂಗರ ಬೂತುಗ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ. ಇದನ್ನು ಹೇಳುವುದು ಮದ್ದೂರು ತಾಲ್ಲೂಕಿನ ಆತಕೂರು ಶಾಸನ, ಶಾಲೆಯಲ್ಲಿ ‘ಕಾಳಿ’ ಎಂಬ ನಾಯಿಯ ವೀರಗಲ್ಲು ಎಂದು ನಾವೆಲ್ಲ ಓದಿದ್ದು. ಪೋರೂರಿನಿಂದ ಅರಕ್ಕೋಣಂ ಕಡೆಗೆ ಹೋದರೆ ತಕ್ಕೋಲ ಅಂಥ ದೂರವೇನಲ್ಲ. ಕೊಂದವರ ಭಾಷೆಯವನೊಬ್ಬ, ಸತ್ತವನು ತೋಡಿಸಿದ ಕೆರೆಯ ನೀರಿನಲ್ಲಿ ಇವತ್ತು ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದಾನೆ. ನೀರಿಗೆ ಯಾವ ಯುದ್ಧವೂ ನೆನಪಿರುವುದಿಲ್ಲ, ಪುಣ್ಯ.

ಇಂಥ ಊರಲ್ಲಿ ನಾವು ಒಂದು ಹಳೆಯ ಮನೆ ಕೊಂಡೆವು. ಎಂಬತ್ತರ ದಶಕದ ಕೊನೆಯಲ್ಲಿ ಕಟ್ಟಿದ್ದು. ಕೆಳಗೆ ಮೂರು ಕೋಣೆ, ಮೇಲೊಂದು ಕೋಣೆ, ಹಿಂದೆ ಹೆಂಚಿನ ಮಾಡಿನ ಒಗೆಯುವ ಜಾಗ, ಮುಂದೆ ಎರಡು ತೆಂಗು, ಒಂದು ನುಗ್ಗೆ. ಕಟ್ಟುವಾಗ ರಸ್ತೆಗಿಂತ ಮೂರು ಮೆಟ್ಟಿಲು ಎತ್ತರದಲ್ಲಿತ್ತಂತೆ. ಮೂವತ್ತು ವರ್ಷ ರಸ್ತೆಯ ಮೇಲೆ ರಸ್ತೆ ಹಾಕಿ ಹಾಕಿ, ಈಗ ಗೇಟು ದಾಟಿದರೆ ಅಂಗಳಕ್ಕೆ ಇಳಿಯಬೇಕು. ಹಜಾರದ ಬೀರು ಸರಿಸಿದಾಗ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕಂದು ಗೆರೆ ಕಂಡಿತು. 2015ರ ನೀರು ಎಳೆದ ಗೆರೆ. ಬಣ್ಣ ಹೊಡೆದವರು ಬೀರುವಿನ ಹಿಂದೆ ಮಾತ್ರ ಬಿಟ್ಟಿದ್ದರು.

ಕಾಂಟ್ರಾಕ್ಟರು ಬಂದು ಒಂದು ಸುತ್ತು ಹಾಕಿ ಎರಡು ದಾರಿ ಹೇಳಿದರು. ಒಂದು, ಪೂರ್ತಿ ಕೆಡವಿ ಕಂಬದ ಮೇಲೆ ಹೊಸದು ಕಟ್ಟುವುದು. ಇನ್ನೊಂದು, ಕೆಡವುವುದು ಬೇಡವಾದರೆ ಜಾಕಿ ಹಚ್ಚಿ ಇಡೀ ಮನೆಯನ್ನೇ ನಾಲ್ಕು ಅಡಿ ಎತ್ತುವುದು. ‘ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿ ಟೈಲ್ಸ್ ಒಟ್ಟಿಬಿಡೋಣ ಸಾರ್, ಎರಡು ಕಾರು ನಿಲ್ಲುತ್ತೆ’ ಎಂದೂ ಸೇರಿಸಿದರು. ನಮ್ಮಲ್ಲಿರುವುದು ಒಂದು ಸ್ಕೂಟರು.

ಮೊದಲು ಮನೆಯ ಎಲುಬು ಗಟ್ಟಿ ಇದೆಯೇ ನೋಡಬೇಕಿತ್ತು. ಈ ಭಾಗದಲ್ಲಿ ಆ ಪ್ರಶ್ನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2014ರ ಜೂನ್ 28ರ ಸಂಜೆ ಮೌಲಿವಾಕ್ಕಂನಲ್ಲಿ ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಕುಸಿದು 61 ಜನ ಸತ್ತರು. ಪಕ್ಕದ ಜೋಡಿ ಕಟ್ಟಡವನ್ನು 2016ರ ನವೆಂಬರಿನಲ್ಲಿ ಸ್ಫೋಟಕ ಇಟ್ಟು ಬೀಳಿಸಿದರು. ನಮ್ಮ ಮನೆಯನ್ನು ನೋಡಿದ ಸ್ಟ್ರಕ್ಚರಲ್ ಎಂಜಿನಿಯರ್ ಪಾಯದ ಬಳಿ ಎರಡು ಕಡೆ ಅಗೆಸಿ, ಗೋಡೆ ತಟ್ಟಿ, ಮಾಳಿಗೆಯ ಕಬ್ಬಿಣ ಪರೀಕ್ಷಿಸಿ, ‘ಗೋಡೆಗೆ ಇನ್ನೂ ಮೂವತ್ತು ವರ್ಷ ಆಯಸ್ಸಿದೆ, ಮಾಳಿಗೆಗೆ ಮಾತ್ರ ಔಷಧಿ ಬೇಕು’ ಎಂದರು. ಆಮೇಲೆ ಕೆಡವುವ ಮಾತು ಬಿಟ್ಟೆವು. ಹಣದ ಉಳಿತಾಯ ಒಂದು ಕಾರಣ. ಜಗತ್ತು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ 7ರಿಂದ 8 ಭಾಗ ಸಿಮೆಂಟಿನದು ಎಂಬುದು ಇನ್ನೊಂದು. ಇರುವ ಗೋಡೆಯನ್ನು ಉಳಿಸಿಕೊಳ್ಳುವಷ್ಟು ಅಗ್ಗದ ಪರಿಸರ ಕಾಳಜಿ ಬೇರೆ ಇಲ್ಲ.

ಆದರೂ ಒಡೆಯುವ ಕೆಲಸ ಇದ್ದೇ ಇತ್ತು. ಬಚ್ಚಲ ಗೋಡೆ, ಹಿಂದಿನ ಮಾಡು, ಮಾಳಿಗೆಯ ಮೇಲಿನ ಪದರ. ಮೂರೇ ದಿನದಲ್ಲಿ ಅಂಗಳದಲ್ಲಿ ಇಟ್ಟಿಗೆ ಚೂರಿನ ಗುಡ್ಡ ಎದ್ದಿತು. ಸಾಗಿಸಲು ಬಂದ ಲಾರಿಯವರನ್ನು ‘ಎಲ್ಲಿ ಹಾಕ್ತೀರಣ್ಣ?’ ಎಂದು ಸುಮ್ಮನೆ ಕೇಳಿದೆ. ‘ಪೊರಂಬೋಕ್ಕು ತಾನ್ ಸಾರ್’ ಎಂದರು ಆತ, ನಾನು ಕೇಳಬಾರದ್ದನ್ನು ಕೇಳಿದ ಹಾಗೆ. ಕೆರೆಯಂಚು ಎಂದು ಅರ್ಥ. ಕತ್ತಲಾದ ಮೇಲೆ ಹೋಗಿ ಸುರಿದು ಬರುವುದು. ಅವರಿಗೆ ಅದು ರೂಢಿ, ಬಾಡಿಗೆಯೂ ಕಡಿಮೆ. ನಾಳೆ ಹೇಳುತ್ತೇನೆ ಎಂದು ಕಳುಹಿಸಿದೆ. ಯಾಕೆ ಬೇಡವೆನಿಸಿತು ಎಂದು ಆಗ ಸ್ಪಷ್ಟವಾಗಿ ಹೇಳಲು ಬರುತ್ತಿರಲಿಲ್ಲ.

ಆ ವಾರದ ಕೊನೆಗೆ ರಾಮಾಪುರಂನಲ್ಲಿ ಒಬ್ಬ ಸಹೋದ್ಯೋಗಿಯ ಮನೆಯ ಮಹಡಿಯಲ್ಲಿ ಹಾಡಿನ ಕಾರ್ಯಕ್ರಮ. ನಲವತ್ತು ಜನ, ಐದಾರು ಚಾಪೆ, ಮೂಲೆಯಲ್ಲಿ ಸೊಳ್ಳೆ ಬತ್ತಿ, ಸ್ಟೀಲ್ ಡ್ರಮ್ಮಿನಲ್ಲಿ ಫಿಲ್ಟರ್ ಕಾಫಿ. ಹಾಡುವ ಹುಡುಗನ ಬಳಿ ಒಂದು ಗಿಟಾರು, ಜೊತೆಗಾರನ ಬಳಿ ಕೂತು ಬಾರಿಸುವ ಮರದ ಪೆಟ್ಟಿಗೆ. ಸಿನಿಮಾ ಹಾಡಿಲ್ಲ, ಬರೆದದ್ದೂ ಕಟ್ಟಿದ್ದೂ ತಾನೇ. ಷೇರ್ ಆಟೋದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಅಪರಿಚಿತರ ಮೇಲೊಂದು, ಪೇಯಿಂಗ್ ಗೆಸ್ಟ್ ಕೋಣೆಯ ನಾಲ್ಕು ಮಂಚದ ಮೇಲೊಂದು, ಊರಿಂದ ಅಮ್ಮ ಮಾಡುವ ಫೋನಿನ ಮೇಲೊಂದು. ಎರಡನೇ ಹಾಡಿಗೆ ತಂತಿ ಹರಿಯಿತು. ಹೊಸ ತಂತಿ ಏರಿಸುವ ಐದು ನಿಮಿಷ ಆತ ಬರೀ ಪೆಟ್ಟಿಗೆಯ ತಾಳಕ್ಕೆ ನಮ್ಮೆಲ್ಲರಿಂದ ಪಲ್ಲವಿ ಹಾಡಿಸಿದ. ನಾನು ಸ್ವರ ತಪ್ಪಿದರೆ ಪಕ್ಕದವರು ಸರಿಮಾಡಿದರು, ಅವರು ಪದ ಮರೆತರೆ ಮುಂದಿನ ಸಾಲಿನ ಹುಡುಗಿ ತಿರುಗಿ ಹೇಳಿಕೊಟ್ಟಳು. ಫೋನಿನಲ್ಲಿ ಕೇಳುವ ಹಾಡಿಗೆ ಈ ಐದು ನಿಮಿಷ ಬರುವುದಿಲ್ಲ.

ತಮಿಳಿನಲ್ಲಿ ಹಾಡು ಎಂದರೆ ಸಿನಿಮಾ ಹಾಡು. ನಮ್ಮಲ್ಲೂ ಹೆಚ್ಚು ಕಡಿಮೆ ಹಾಗೇ. ಅದರ ಆಚೆ ನಿಂತು ಹಾಡುತ್ತೇನೆ ಎನ್ನುವವರಿಗೆ ಎಲ್ಲ ಕಡೆಯೂ ದಾರಿ ಒಂದೇ, ಉದ್ದದ್ದು. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಕೈಯಲ್ಲಿದ್ದ ಕೆಲಸ ಬಿಟ್ಟ ರಘು ದೀಕ್ಷಿತರ ಮೊದಲ ಆಲ್ಬಂ ಬಂದದ್ದು 2008ರಲ್ಲಿ, ಎಷ್ಟೋ ವರ್ಷ ವೇದಿಕೆಗಳಲ್ಲಿ ಹಾಡಿದ ಮೇಲೆ. ಅದರಲ್ಲಿ ಶಿಶುನಾಳ ಶರೀಫರ ತತ್ವಪದಗಳು ಗಿಟಾರು ಹಿಡಿದು ಬಂದವು; ಕನ್ನಡದ ಒಂದು ಅಕ್ಷರ ತಿಳಿಯದವರೂ ಅವಕ್ಕೆ ಕುಣಿದರು. ಚೆನ್ನೈನಲ್ಲಿ 2018ರ ಜನವರಿಯಲ್ಲಿ ‘ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡ ಗಾನಾ, ರಾಪ್, ರಾಕ್ ಎಲ್ಲ ಕಲಸಿ ಜಾತಿಯ ವಿರುದ್ಧ ಹಾಡಿದಾಗ ಕೇಳಲು ಬಂದ ಜನ ಸಾವಿರಗಟ್ಟಲೆ. ಸಿನಿಮಾ ಹೇಳದ ಮಾತು ಉಳಿದಿದ್ದರೆ ಹಾಡುವವರು ಹುಟ್ಟಿಕೊಳ್ಳುತ್ತಾರೆ.

ರಾಮಾಪುರಂನ ಹುಡುಗ ಕೊನೆಯಲ್ಲಿ ತನ್ನದಲ್ಲದ ಒಂದು ಹಾಡು ಎತ್ತಿಕೊಂಡ. ‘ಚೆನ್ನೈ ಪೊರಂಬೋಕ್ಕು ಪಾಡಲ್’. ಸ್ವತಂತ್ರವಾಗಿ ಹಾಡು ಕಟ್ಟುವ ಕಬೇರ್ ವಾಸುಕಿ ಬರೆದದ್ದು, ಆರ್.ಕೆ. ಶ್ರೀರಾಮ್‌ಕುಮಾರ್ ಅದನ್ನು ರಾಗಮಾಲಿಕೆಯಲ್ಲಿ ಕೂರಿಸಿದರು; ಟಿ.ಎಂ. ಕೃಷ್ಣ ಹಾಡಿದ ವಿಡಿಯೋ 2017ರ ಜನವರಿಯಲ್ಲಿ ಬಂತು. ಚೆನ್ನೈನ ಉತ್ತರದ ಎನ್ನೂರು ಅಳಿವೆಯಲ್ಲಿ, ವಿದ್ಯುತ್ ಸ್ಥಾವರಗಳ ಚಿಮಣಿ, ಹಾರುಬೂದಿಯ ನಡುವೆ ನಿಂತು ಹಾಡಿದ್ದಾರೆ. ಶಾಸ್ತ್ರೀಯ ರಾಗದಲ್ಲಿ ಬೀದಿಯ ಮದ್ರಾಸ್ ತಮಿಳು. ಮಹಡಿಯ ಮೇಲಿನ ಹುಡುಗ ಗಮಕಗಳ ಗೋಜಿಗೆ ಹೋಗದೆ, ನಾಲ್ಕು ಕಾರ್ಡಿನಲ್ಲಿ, ಮಾತಾಡಿದ ಹಾಗೆ ಹಾಡಿದ. ಪೊರಂಬೋಕ್ಕು ಎಂಬ ಪದ ಮೊದಲ ಸಲ ಬಂದಾಗ ಜನ ನಕ್ಕರು, ಅದು ಇಲ್ಲಿನ ಬೈಗುಳ. ಮೂರನೇ ಸಲಕ್ಕೆ ಯಾರೂ ನಗಲಿಲ್ಲ.

ಪದವನ್ನು ಬಿಡಿಸಿದರೆ ಕನ್ನಡವೇ ಸಿಗುತ್ತದೆ. ಪುರಂ ಎಂದರೆ ನಮ್ಮ ‘ಹೊರ’, ಪೋಕ್ಕು ಎಂದರೆ ನಮ್ಮ ‘ಹೋಗು’. ಕಂದಾಯದ ಲೆಕ್ಕದಿಂದ ಹೊರಗೆ ಹೋದ ನೆಲ. ಕೆರೆಯಂಗಳ, ಹಳ್ಳದ ದಂಡೆ, ದನ ಮೇಯುವ ಬಯಲು, ಸ್ಮಶಾನ. ಯಾರ ಹೆಸರಿಗೂ ಇಲ್ಲ, ಆದ್ದರಿಂದ ಎಲ್ಲರದು. 1956ರವರೆಗೆ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಇಂದಿಗೂ ‘ಪರಂಬೋಕು ಜಾಗ’ ಎನ್ನುತ್ತಾರೆ. ಹಳೇ ಮೈಸೂರಿನ ಪಹಣಿಗಳಲ್ಲಿ ಅದೇ ನೆಲಕ್ಕೆ ‘ಖರಾಬು’ ಎಂದು ಹೆಸರು. ತಮಾಷೆ ನೋಡಿ: ತಮಿಳರು ಎಲ್ಲರ ನೆಲದ ಹೆಸರನ್ನು ಬೈಗುಳ ಮಾಡಿಕೊಂಡರು, ನಾವು ‘ಕೆಟ್ಟದ್ದು’ ಎಂಬ ಪದವನ್ನೇ ಎಲ್ಲರ ನೆಲಕ್ಕೆ ಹೆಸರಿಟ್ಟೆವು. ಕೆಟ್ಟದ್ದು ಎಂದ ಮೇಲೆ ಕಸ ಸುರಿಯಲು ಯಾರಿಗೆ ಅಳುಕು? ಬೆಂಗಳೂರಿನ ಎಷ್ಟೋ ಕೆರೆಯಂಗಳಗಳು ಬಡಾವಣೆಯಾದದ್ದರ ಹಿಂದೆ ಈ ಹೆಸರಿನ ಪಾಲೂ ಇರಬಹುದು. ಲಾರಿಯವರಿಗೆ ಹೇಳಬೇಕಾದ ಉತ್ತರ ನನಗೆ ಮಹಡಿಯ ಮೆಟ್ಟಿಲಿಳಿಯುವಾಗ ಸಿಕ್ಕಿತು.

ಉತ್ತರ ಸಿಕ್ಕರೆ ಸಾಲದು, ಗುಡ್ಡ ಕರಗಬೇಕಲ್ಲ. ಮೇಸ್ತ್ರಿ ತಿರುವಣ್ಣಾಮಲೈ ಕಡೆಯವರು, ಅರವತ್ತು ದಾಟಿದವರು. ಅವರನ್ನೇ ಕೇಳಿದೆ. ಗುಡ್ಡವನ್ನು ಕಾಲಿನಿಂದ ಕೆದಕಿ, ‘ಇದರಲ್ಲಿ ಮುಕ್ಕಾಲು ಭಾಗ ನಿಮ್ಮ ಮಾಳಿಗೆ ಮೇಲೇ ಹೋಗುತ್ತಲ್ಲ ಸಾರ್’ ಎಂದರು. ಚೆನ್ನೈನ ಹಳೆಯ ಮನೆಗಳ ಮಾಳಿಗೆಗೆ ‘ಸುರ್ಕಿ’ ಹಾಕುತ್ತಾರೆ: ಒಡೆದ ಇಟ್ಟಿಗೆಯ ಜಲ್ಲಿ, ಅರಳಿಸಿದ ಸುಣ್ಣ, ಅದಕ್ಕೆ ಅಳಲೆಕಾಯಿ ಮತ್ತು ಬೆಲ್ಲ ಕೊಳೆಸಿದ ನೀರು. ಅದರ ಮೇಲೆ ಚಪ್ಪಟೆ ಸುಟ್ಟಹೆಂಚು. ನಮ್ಮ ಬಚ್ಚಲ ಗೋಡೆಯ ಇಟ್ಟಿಗೆ ಹಳೆಯದಾದರೂ ಚೆನ್ನಾಗಿ ಬೆಂದದ್ದು, ಜಲ್ಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಇಡಿಯಾಗಿ ಉಳಿದ ಇಟ್ಟಿಗೆಗಳು ಹೊಸ ಬಚ್ಚಲಿಗೆ ಹೋದವು. ತೇಗದ ಕಿಟಕಿ ಚೌಕಟ್ಟುಗಳನ್ನು ಉಜ್ಜಿ ಎಣ್ಣೆ ಹಚ್ಚಿದೆವು. ಮೊಸಾಯಿಕ್ ನೆಲ ಪಾಲಿಷ್ ಹಿಡಿದ ಮೇಲೆ ಹೊಸ ಟೈಲ್ಸು ಯಾಕೆ ಬೇಕಿತ್ತು ಎಂಬುದೇ ಮರೆತುಹೋಯಿತು.

ಹಿಂದಿನ ಮಾಡಿನ ಹೆಂಚು ತೊಳೆಯುವಾಗ ಬೆನ್ನ ಮೇಲೆ ಮಂಗಳೂರಿನ ಕಾರ್ಖಾನೆಯ ಅಚ್ಚು ಕಂಡಿತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಆಮೇಲೆ ನೇತ್ರಾವತಿ ದಂಡೆಯ ಜೇಡಿ ಮಣ್ಣು ಇಡೀ ಮದ್ರಾಸ್ ಪ್ರಾಂತ್ಯದ ತಲೆ ಕಾಯಿತು. ನಮಗಿಂತ ಮೊದಲೇ ಚೆನ್ನೈಗೆ ಬಂದು ಮಳೆಗೆ ಮೈಯೊಡ್ಡಿ ನಿಂತ ಊರ ನಂಟರು ಇವು. ಒಡೆಯದೆ ಉಳಿದ ಇನ್ನೂರ ಹತ್ತನ್ನೂ ತೊಳೆದು ಮತ್ತೆ ಅಲ್ಲೇ ಹೊದಿಸಿದೆವು. ಕಡೆಗೆ ಯಾವುದಕ್ಕೂ ಬಾರದೆ ಉಳಿದದ್ದು ಅರ್ಧ ಲೋಡು. ಕಟ್ಟಡದ ಅವಶೇಷವನ್ನು ಪುಡಿ ಮಾಡಿ ಮರಳು, ಜಲ್ಲಿಯಾಗಿಸುವ ಪಾಲಿಕೆಯ ಘಟಕಗಳು ಪೆರುಂಗುಡಿ, ಕೊಡುಂಗೈಯೂರುಗಳಲ್ಲಿವೆ. ಅಲ್ಲಿಗೆ ಹೋಗಲು ಲಾರಿಯವರು ಎರಡರಷ್ಟು ಬಾಡಿಗೆ ಕೇಳಿದರು. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಮಾಳಿಗೆಯ ಕೆಲಸ ಹನ್ನೆರಡು ದಿನ. ನಾಲ್ಕು ಜನ ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ಸುರ್ಕಿಯನ್ನು ಬಡಿಯುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ಬಡಿತಕ್ಕೆ ಒಂದು ಲಯ ಬಂದಿತ್ತು. ಆ ಲಯಕ್ಕೆ ಬಾಯಲ್ಲಿ ತಾನಾಗಿ ಬಂದದ್ದು ಶರೀಫಜ್ಜನ ಸೋರುವ ಮಾಳಿಗೆಯ ಹಾಡು. ಅಶ್ವಥ್ ದನಿಯಲ್ಲಿ ಕೇಳಿ ಬೆಳೆದದ್ದು, ಆಮೇಲೆ ರಘು ದೀಕ್ಷಿತರ ಗಿಟಾರಿನಲ್ಲೂ ಕೇಳಿದ್ದು. ಮೇಸ್ತ್ರಿ ಏನು ಹಾಡು ಎಂದು ಕೇಳಿದರು. ನನ್ನ ಹರಕು ತಮಿಳಿನಲ್ಲಿ ಹೇಳಿದೆ: ಹಾವೇರಿ ಸೀಮೆಯ ಸಂತ, ಹುಟ್ಟಿದ್ದು ಮುಸ್ಲಿಮರ ಮನೆಯಲ್ಲಿ, ಗುರು ಗೋವಿಂದಭಟ್ಟರೆಂಬ ಬ್ರಾಹ್ಮಣ, ತೀರಿಕೊಂಡದ್ದು 1889ರಲ್ಲಿ, ಸೋರುವ ಮಾಳಿಗೆ ಎಂ​ದರೆ ಈ ದೇಹ, ಈ ಮನಸ್ಸು. ಅವರು ತಲೆಯಾಡಿಸಿ, ‘ನಮ್ಮಲ್ಲಿ ಮಡಕೆ ಸಾರ್’ ಎಂದರು. ಕುಂಬಾರನಿಂದ ಬೇಡಿ ತಂದ ಮಡಕೆಯನ್ನು ಆಂಡಿಯೊಬ್ಬ ಕುಣಿದಾಡಿ ಒಡೆದ ಸಿದ್ಧರ ಹಾಡು ಅವರ ತಲೆಯಲ್ಲಿತ್ತು. ಹೆಂಗಸರಲ್ಲೊಬ್ಬರು ಬಡಿತ ನಿಲ್ಲಿಸದೆ, ‘ಮಾಳಿಗೆ ಸೋರಿದ್ರೆ ನಮಗೆ ಕೂಲಿ’ ಎಂದು ನಕ್ಕರು. ತತ್ವಪದಕ್ಕೆ ಅಂಥ ಟೀಕೆ ನಾನು ಎಲ್ಲೂ ಓದಿಲ್ಲ.

ಮೇಲೆ ಬಿಳಿ ಸುಣ್ಣ ಬಳಿದ ಮಾಳಿಗೆ ಈಗ ಸೋರುವುದಿಲ್ಲ, ಮೇ ತಿಂಗಳ ರಾತ್ರಿ ಕುಲುಮೆಯಾಗುವುದೂ ಇಲ್ಲ. ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಚೆನ್ನೈಗೆ ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ, ಬೆಂಗಳೂರಿಗಿಂತ ಹೆಚ್ಚು. ಅರ್ಧಕ್ಕಿಂತ ಹೆಚ್ಚಿನದು ಅಕ್ಟೋಬರಿನಿಂದ ಡಿಸೆಂಬರಿನೊಳಗೆ. ನಮ್ಮ 900 ಚದರಡಿ ಮಾಳಿಗೆಯ ಮೇಲೆ ಬಿದ್ದದ್ದರಲ್ಲಿ ಐದರಲ್ಲೊಂದು ಪಾಲು ಹೋದರೂ 90 ಸಾವಿರ ಲೀಟರಿಗೆ ಮೋಸವಿಲ್ಲ. 12 ಸಾವಿರ ಲೀಟರಿನ ಟ್ಯಾಂಕರು ಏಳೆಂಟು ಸಲ ಬಂದು ಹೋದ ಹಾಗೆ. ತಮಿಳುನಾಡು 2003ರಲ್ಲೇ ಎಲ್ಲ ಕಟ್ಟಡಗಳಿಗೂ ಮಳೆಕೊಯ್ಲು ಕಡ್ಡಾಯ ಮಾಡಿತ್ತು. ನಮ್ಮ ಮನೆಯಲ್ಲೂ ಕೊಳವೆ ಇತ್ತು, ಅದರ ತುದಿ ಮಾತ್ರ ಎಲೆ ತುಂಬಿದ ಗುಂಡಿಯೊಂದರಲ್ಲಿ ಹೂತುಹೋಗಿತ್ತು. ಈಗ ಮೊದಲ ಮಳೆಯ ಕೊಳೆ ಹೊರಗೆ ಹೋಗುತ್ತದೆ, ಆಮೇಲಿನದು ಶೋಧಕ ದಾಟಿ ಸಂಪಿಗೆ, ಸಂಪು ತುಂಬಿದರೆ ಅಂಗಳದ ಇಂಗುಬಾವಿಗೆ. ಹೊಸ ಸಂಗತಿ ಏನೂ ಇಲ್ಲ. ಚೆನ್ನೈನಲ್ಲಿ ಶೇಖರ್ ರಾಘವನ್ 2002ರಿಂದ ‘ರೇನ್ ಸೆಂಟರ್’ ನಡೆಸುತ್ತ ಇದನ್ನೇ ಹೇಳುತ್ತ ಬಂದರು. ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ 1995ರಲ್ಲಿ ಮನೆ ಕಟ್ಟಿ, ಕಾವೇರಿ ಸಂಪರ್ಕವನ್ನೇ ಪಡೆಯದೆ ಮಳೆನೀರಿನಲ್ಲಿ ಸಂಸಾರ ಮಾಡಿ ತೋರಿಸಿದರು.

ಉಳಿದದ್ದು ಜಾಕಿಯ ಪ್ರಶ್ನೆ. ಪ್ರವಾಹದ ನಂತರ ಚೆನ್ನೈನಲ್ಲಿ ಮನೆ ಎತ್ತುವುದು ದೊಡ್ಡ ಉದ್ಯೋಗವಾಗಿದೆ. ಗೋಡೆಯ ಬುಡಕ್ಕೆ ನೂರಾರು ಜಾಕಿ ಇಟ್ಟು, ಎಲ್ಲವನ್ನೂ ಒಂದೇ ಅಳತೆಗೆ ತಿರುಗಿಸುತ್ತ, ಒಳಗಿನ ಸಾಮಾನೂ ತೆಗೆಯದೆ ಮನೆಯನ್ನು ಮೂರು ನಾಲ್ಕು ಅಡಿ ಏರಿಸುತ್ತಾರೆ. ಕೆಳಗೆ ಇಟ್ಟಿಗೆ ಕಟ್ಟುತ್ತಾರೆ. ನೋಡಲು ಸೋಜಿಗ. ನಮ್ಮ ಬೀದಿಯ ಹದಿನಾಲ್ಕು ಮನೆಗಳಲ್ಲಿ ಐದು ಹೀಗೆ ಎದ್ದಿವೆ. ಮನೆ ಎದ್ದ ಮೇಲೆ ಅಂಗಳಕ್ಕೂ ಮಣ್ಣು ತುಂಬಿಸುತ್ತಾರೆ, ಮೇಲೆ ಕಾಂಕ್ರೀಟು. ಆಗ ಅಲ್ಲಿ ನಿಲ್ಲುತ್ತಿದ್ದ ನೀರು ಎಲ್ಲಿಗೆ ಹೋಗಬೇಕು? ಎದ್ದಿರದ ಮನೆಗೆ. ನಮ್ಮ ಬಲಕ್ಕೆ ಎದ್ದಿರದ ಮನೆಯೊಂದಿದೆ. ಅಲ್ಲಿ ಒಬ್ಬರೇ ಇರುವ ಪಾಟಿಗೆ ಎಪ್ಪತ್ತೆಂಟು. ಎತ್ತಿಸುವ ಶಕ್ತಿ ಅವರಿಗಿಲ್ಲ. ಬೇಲಿಯಾಚೆಯಿಂದ ಒಂದು ದಿನ ಕೇಳಿದರು: ‘ನೀಂಗಳುಂ ತೂಕ್ಕ ಪೋರೀಂಗಳಾ ತಂಬಿ?’ ನೀವೂ ಎತ್ತಿಸುತ್ತೀರಾ ಅಂತ. ದೂರಿನ ದನಿ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ ಹಾಗಿತ್ತು.

ಮನೆಯೊಳಗೆ ಇದು ಸುಲಭವಾಗಿ ಇತ್ಯರ್ಥವಾಗಲಿಲ್ಲ. ‘ಪಾಟಿ ಬಗ್ಗೆ ಯೋಚಿಸೋಣ, ಬೇಡ ಅನ್ನಲ್ಲ. ಮಗು ಬಗ್ಗೆನೂ ಯೋಚಿಸ್ಬೇಕಲ್ವಾ?’ ಎಂದಳು ಹೆಂಡತಿ. ಬೀರುವಿನ ಹಿಂದಿನ ಕಂದು ಗೆರೆ ಅವಳ ಮಾತಿನ ಪರವಾಗಿತ್ತು. ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ಮೂರು ವಾರ ಕಳೆದ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಮನೆ ಎತ್ತುವುದಿಲ್ಲ, ಅಂಗಳ ಮುಚ್ಚುವುದಿಲ್ಲ. ಜಾಕಿಗೆ ಇಟ್ಟ ಹಣದಲ್ಲಿ ಅವಳು ಹೇಳಿದ್ದೆಲ್ಲ ಆಗಬೇಕು: ಅಡುಗೆಮನೆ ಮಹಡಿಗೆ, ಕರೆಂಟಿನ ಮೀಟರು ಮತ್ತು ಸ್ವಿಚ್ಚುಗಳು ಗೆರೆಗಿಂತ ಎರಡಡಿ ಮೇಲಕ್ಕೆ, ಒಳಚರಂಡಿ ಹಿಂದಕ್ಕೆ ಉಕ್ಕದಂತೆ ತಡೆಕವಾಟ, ಸಂಪಿಗೆ ನೀರು ನುಗ್ಗದ ಮುಚ್ಚಳ, ಬಾಗಿಲಿಗೆ ಎತ್ತರದ ಹೊಸ ಮೆಟ್ಟಿಲು ಮೂರು. ನವೆಂಬರ್ ಬಂದರೆ ಕಾಗದಪತ್ರ, ಅಕ್ಕಿ ಡಬ್ಬ, ಮಗುವಿನ ಪುಸ್ತಕ ಎಲ್ಲ ಮೇಲೆ. ಕೆಳಗಿನ ಹಜಾರದಲ್ಲಿ ಒದ್ದೆಯಾದರೂ ಒಣಗುವ ಬೆತ್ತದ ಕುರ್ಚಿ, ಕಬ್ಬಿಣದ ಮಂಚ ಮಾತ್ರ.

2023ರ ಡಿಸೆಂಬರ್ ಮೊದಲ ವಾರ ಮಿಚೌಂಗ್ ಚಂಡಮಾರುತ ಬಂತು. ಎರಡು ದಿನ ಮಳೆ ಬಿಡಲಿಲ್ಲ. ಅಂಗಳದ ನೀರು ಒಂದೊಂದೇ ಮೆಟ್ಟಿಲು ಮುಚ್ಚುತ್ತ ಬಂತು. ಮೇಲಿನ ಕಿಟಕಿಯಲ್ಲಿ ಟಾರ್ಚು ಹಿಡಿದು ನಾವಿಬ್ಬರೂ ಮೆಟ್ಟಿಲು ಎಣಿಸುತ್ತಿದ್ದೆವು. ಪಾಟಿಯೂ ಆ ರಾತ್ರಿ ನಮ್ಮ ಮಹಡಿಯಲ್ಲೇ ಮಲಗಿದ್ದರು, ಅಥವಾ ಮಲಗಿದ ಹಾಗೆ ಮಾಡುತ್ತಿದ್ದರು. ಎರಡನೇ ಮೆಟ್ಟಿಲು ಮುಳುಗಿತು, ಮೂರನೆಯದು ಮುಳುಗಲಿಲ್ಲ. ಪಾಟಿಯ ಜಗಲಿಗೆ ನೀರು ಬಂತು, ಒಳಗೆ ಹೋಗಲಿಲ್ಲ. ಇನ್ನಾರು ಗಂಟೆ ಮಳೆ ಸುರಿದಿದ್ದರೆ ಈ ಪ್ರಬಂಧ ಬೇರೆ ಥರ ಇರುತ್ತಿತ್ತು. ನಮ್ಮ ಅಂಗಳ ಊರನ್ನೇನೂ ಕಾಪಾಡಲಿಲ್ಲ, ಅಷ್ಟು ದೊಡ್ಡದೂ ಅಲ್ಲ. ತನ್ನ ಪಾಲಿನ ನೀರನ್ನು ಪಕ್ಕದ ಮನೆಗೆ ದಾಟಿಸಲಿಲ್ಲ, ಅಷ್ಟೇ. ಮರುವರ್ಷ ಏಪ್ರಿಲ್ಲಿನಲ್ಲಿ ಪಾಟಿ ತಮ್ಮ ಬಾವಿಗೆ ಕೊಡ ಇಳಿಸಿ, ಹಗ್ಗ ಎರಡು ಮೊಳ ಕಡಿಮೆ ಸಾಕಾಯಿತು ಎಂದರು. ಆ ಎರಡು ಮೊಳದಲ್ಲಿ ಚಂಡಮಾರುತದ್ದೆಷ್ಟು, ನಮ್ಮ ಇಂಗುಬಾವಿಯದೆಷ್ಟು ಎಂದು ವಿಂಗಡಿಸಲು ನಾನು ಹೋಗಿಲ್ಲ.

ಹೊರನಾಡಿನಲ್ಲಿ ಹಳೆಯ ಮನೆ ಕೊಂಡು ರಿಪೇರಿಗೆ ಹೊರಟ ಕನ್ನಡದ ಗೆಳೆಯರು ಈಗೀಗ ಫೋನು ಮಾಡುತ್ತಾರೆ. ಸುಣ್ಣ ಎಲ್ಲಿ ಸಿಗುತ್ತೆ, ಮೇಸ್ತ್ರಿ ನಂಬರ್ ಕೊಡ್ತೀರಾ, ಚದರಡಿಗೆ ಎಷ್ಟಾಯ್ತು ಎನ್ನುತ್ತಾರೆ. ಎಲ್ಲ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ ಎನ್ನುತ್ತೇನೆ. ಜೋರು ಮಳೆ ಬಂದ ದಿನ ಕೊಡೆ ಹಿಡಿದು ಬೀದಿಗಿಳಿಯಿರಿ, ನಿಮ್ಮ ಗೇಟಿನ ಮುಂದಿನ ನೀರು ಎತ್ತ ಹರಿಯುತ್ತದೆ ನೋಡಿ, ಅದರ ಹಿಂದೆಯೇ ನಡೆಯಿರಿ. ಯಾರ ಮನೆ ಮುಂದೆ ನಿಲ್ಲುತ್ತದೆ, ಯಾವ ಕೆರೆಗೆ ಇಳಿಯುತ್ತದೆ, ಆ ಕೆರೆಯಂಗಳಕ್ಕೆ ಊರಿನವರು ಏನು ಹೆಸರಿಟ್ಟಿದ್ದಾರೆ, ಇಷ್ಟು ತಿಳಿದುಕೊಂಡು ಬಂದು ಆಮೇಲೆ ಗೋಡೆಗೆ ಟೇಪು ಹಿಡಿಯಿರಿ.